ಡ್ಯೂಟಿ ಮಾಡುತ್ತಲೇ ಫೊರೆನ್ಸಿಕ್ ಹೆಲ್ತ್ ಓದುವವರಿಗೆ

ಚಾಕು ಇರಿತದ ಗಾಯಾಳು ತುರ್ತು ವಿಭಾಗಕ್ಕೆ ಬಂದರೆ ಮೊದಲು ಬಟ್ಟೆ ಕತ್ತರಿಸುತ್ತಾರೆ. ಅವಸರದಲ್ಲಿ ಕತ್ತರಿ ಎಷ್ಟೋ ಸಲ ಚಾಕು ಮಾಡಿದ ತೂತಿನಲ್ಲೇ ಹಾದುಹೋಗುತ್ತದೆ. ಆಮೇಲೆ ರಕ್ತದಲ್ಲಿ ತೊಯ್ದ ಅಂಗಿ ಪ್ಲಾಸ್ಟಿಕ್ ಚೀಲ ಸೇರುತ್ತದೆ. ಜೀವ ಉಳಿಸಲು ಓಡಾಡುತ್ತಿರುವವರನ್ನು ಇದಕ್ಕಾಗಿ ದೂರಲಾಗದು, ನಿಜ. ಆದರೆ ತೂತು ಬಿಟ್ಟು ಪಕ್ಕದಲ್ಲಿ ಕತ್ತರಿಸುವುದಕ್ಕೆ ಹೆಚ್ಚಿನ ಹೊತ್ತೇನೂ ಬೇಡ. ಒದ್ದೆ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಬೂಸ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ಕಾಗದದ ಚೀಲದಲ್ಲಿ ಗಾಳಿಯಾಡುತ್ತದೆ. ಗೊತ್ತಿದ್ದವರು ಒಬ್ಬರಿದ್ದರೆ ಸಾಕು, ಇಷ್ಟೂ ಸಾಕ್ಷ್ಯ ಉಳಿಯುತ್ತದೆ.

ಆ ಒಬ್ಬರನ್ನು ತಯಾರು ಮಾಡಲೆಂದೇ, ಚಿಕಿತ್ಸೆಯ ಜೊತೆ ಕಾನೂನಿಗೆ ಬೇಕಾದ ಸಾಕ್ಷ್ಯವನ್ನೂ ನೋಡಿಕೊಳ್ಳುವುದನ್ನು ಕಲಿಸುವ ಫೊರೆನ್ಸಿಕ್ ಹೆಲ್ತ್‌ನ ಗ್ರ್ಯಾಜುಯೇಟ್ ಸರ್ಟಿಫಿಕೇಟ್ (ಪದವಿಯ ನಂತರದ ಕಿರು ಓದು) ಕೋರ್ಸ್‌ಗಳಿವೆ. ಫೊರೆನ್ಸಿಕ್ ಎಂದೊಡನೆ ಶವಾಗಾರ ನೆನಪಾಗುವವರೇ ಹೆಚ್ಚು. ಇಲ್ಲಿ ಓದುವುದು ಬಹುಪಾಲು ಬದುಕಿರುವವರ ಬಗ್ಗೆ: ಹಲ್ಲೆಗೊಳಗಾದವರು, ಲೈಂಗಿಕ ದೌರ್ಜನ್ಯ ಅನುಭವಿಸಿದವರು, ಪೆಟ್ಟು ತಿಂದ ಮಕ್ಕಳು, ನಿರ್ಲಕ್ಷ್ಯಕ್ಕೆ ಸಿಕ್ಕ ವೃದ್ಧರು, ಪೊಲೀಸ್ ವಶದಲ್ಲಿರುವವರು. ಈ ಕ್ಷೇತ್ರವನ್ನು ಬೆಳೆಸಿದವರಲ್ಲಿ ಡ್ಯೂಟಿಯ ಮೇಲಿದ್ದ ನರ್ಸ್‌ಗಳ ಪಾಲು ದೊಡ್ಡದು. ಅಮೆರಿಕದಲ್ಲಿ 1970ರ ದಶಕದಲ್ಲಿ ಲೈಂಗಿಕ ದೌರ್ಜನ್ಯದ ಸಂತ್ರಸ್ತರನ್ನು ಪರೀಕ್ಷಿಸಲು ಅವರು ಪ್ರತ್ಯೇಕ ವ್ಯವಸ್ಥೆ ಕಟ್ಟತೊಡಗಿದರು. 1992ರಲ್ಲಿ ಫೊರೆನ್ಸಿಕ್ ನರ್ಸ್‌ಗಳ ಅಂತರರಾಷ್ಟ್ರೀಯ ಸಂಘಟನೆ ಹುಟ್ಟಿತು. 1995ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ಇದನ್ನು ನರ್ಸಿಂಗ್‌ನ ವಿಶೇಷ ಶಾಖೆಯೆಂದು ಒಪ್ಪಿಕೊಂಡಿತು.

ಸೇರುವವರು ಸಾಮಾನ್ಯವಾಗಿ ಸಾಕ್ಷ್ಯ ಸಂಗ್ರಹದ ಕೌಶಲ ಕಲಿಯುವ ಆಸೆಯಿಂದ ಬರುತ್ತಾರೆ. ಸ್ವಾಬ್ (ಹತ್ತಿ ಸುತ್ತಿದ ಕಡ್ಡಿಯಲ್ಲಿ ಮಾದರಿ) ತೆಗೆಯುವುದು, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುವುದು, ಮೊಹರು ಹಾಕುವುದು, ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತೆಂದು ಬರೆದಿಡುವುದು, ಇವೆಲ್ಲ ಅಭ್ಯಾಸದಿಂದ ಬರುತ್ತವೆ. ಕಷ್ಟವಿರುವುದು ಬೇರೆ ಕಡೆ. ಕಂಡದ್ದನ್ನು ಕಂಡಷ್ಟೇ ಬರೆದು, ಅದರಿಂದ ಹೇಳಬಹುದಾದಷ್ಟನ್ನೇ ಹೇಳುವುದಿದೆಯಲ್ಲ, ಈ ಓದಿನ ತಿರುಳು ಅದು.

ಒಂದು ಸಾಲು ನೋಡಿ: ‘ಕೈ ಮೇಲೆ ಹಳೆಯ ಪೆಟ್ಟಿನ ಗುರುತುಗಳಿವೆ.’ ಕೇಸ್ ಶೀಟ್‌ಗಳಲ್ಲಿ ಇಂಥ ಸಾಲು ಬೇಕಾದಷ್ಟು ಸಿಗುತ್ತದೆ. ಯಾವ ಕೈ? ಎಷ್ಟು ಗುರುತು? ಹಳೆಯದೆಂದು ಹೇಗೆ ತಿಳಿಯಿತು? ಅದನ್ನೇ ಹೀಗೆ ಬರೆಯಬಹುದು: ‘ಎಡ ಮೇಲ್ದೋಳಿನ ಒಳಭಾಗದಲ್ಲಿ ಸಾಲಾಗಿ ಮೂರು ದುಂಡನೆಯ ಗುರುತುಗಳು, ತಲಾ ಸುಮಾರು 1.5 ಸೆಂ.ಮೀ., ನೇರಳೆ ಬಣ್ಣ, ಮುಟ್ಟಿದರೆ ನೋವು. ‘ಬಿಗಿಯಾಗಿ ಹಿಡಿದೆಳೆದ’ ಎಂದು ರೋಗಿಯ ಮಾತು.’ ಎರಡನೆಯದರಲ್ಲಿ ಊಹೆ ಇಲ್ಲ. ರೋಗಿಯ ಮಾತು ರೋಗಿಯದಾಗಿಯೇ ಉಳಿದಿದೆ.

ಬಣ್ಣ ನೋಡಿ ಪೆಟ್ಟು ಇಷ್ಟೇ ದಿನದ್ದೆಂದು ಹೇಳುವ ಪಟ್ಟಿಗಳು ಹಳೆಯ ಪಠ್ಯಗಳಲ್ಲಿದ್ದವು. ಅವನ್ನು ನಂಬುವಂತಿಲ್ಲ. ಹಳದಿ ಛಾಯೆ ಮೊದಲ 18 ಗಂಟೆಗಳಲ್ಲಿ ಕಾಣಿಸದು ಎಂಬುದು 1991ರ ಒಂದು ಅಧ್ಯಯನದ ಅಂದಾಜು. ಅದಕ್ಕಿಂತ ನಿಖರವಾಗಿ ಹೇಳಹೊರಟರೆ ಪಾಟಿ ಸವಾಲಿನಲ್ಲಿ ಮಾತು ನಿಲ್ಲುವುದಿಲ್ಲ, ನಿಲ್ಲಲೂ ಬಾರದು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕುತ್ತಿಗೆ ಹಿಸುಕಿದ ಪ್ರಕರಣಗಳು. ಅಮೆರಿಕದ ಸ್ಯಾನ್ ಡಿಯಾಗೋ ನಗರದ ಪೊಲೀಸ್ ದಾಖಲೆಗಳಲ್ಲಿದ್ದ ಇಂಥ 300 ಪ್ರಕರಣಗಳ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟರಲ್ಲಿ ಕಣ್ಣಿಗೆ ಕಾಣುವ ಗಾಯವೇ ದಾಖಲಾಗಿರಲಿಲ್ಲ. ಕುತ್ತಿಗೆ ಮೇಲೆ ಏನೂ ಇಲ್ಲವೆಂದು ಮನೆಗೆ ಕಳಿಸಿದವರಿಗೆ ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿದ್ದು, ದಿನಗಳ ನಂತರ ಪಾರ್ಶ್ವವಾಯು ಆಗಬಹುದು. ಆದ್ದರಿಂದ ಕೇಳಬೇಕು: ಧ್ವನಿ ಬದಲಾಗಿದೆಯೇ, ನುಂಗಲು ನೋವೇ, ಪ್ರಜ್ಞೆ ತಪ್ಪಿತ್ತೇ, ತಿಳಿಯದೆ ಮೂತ್ರ ಹೋಗಿತ್ತೇ? ಕಣ್ಣ ರೆಪ್ಪೆ ಮಗುಚಿ, ಕಿವಿಯ ಹಿಂದೆ, ಬಾಯೊಳಗೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳಿವೆಯೇ ಎಂದು ನೋಡಬೇಕು. ಈ ಪ್ರಶ್ನೆಗಳು ಸಾಕ್ಷ್ಯಕ್ಕೂ ಬೇಕು, ಜೀವಕ್ಕೂ ಬೇಕು. ಚಿಕಿತ್ಸೆ ಬೇರೆ, ಕಾನೂನು ಬೇರೆ ಎಂದು ದೂರ ನಿಲ್ಲುವ ಸಹೋದ್ಯೋಗಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಕೋರ್ಸ್ ಆಯ್ಕೆಯ ವಿಚಾರಕ್ಕೆ ಬರೋಣ. ಗ್ರ್ಯಾಜುಯೇಟ್ ಸರ್ಟಿಫಿಕೇಟ್‌ನ ತೂಕ ದೇಶದಿಂದ ದೇಶಕ್ಕೆ ಬೇರೆ. ಆಸ್ಟ್ರೇಲಿಯದಲ್ಲಿ ಅದು ಶೈಕ್ಷಣಿಕ ಅರ್ಹತೆಗಳನ್ನು ಹಂತಹಂತವಾಗಿ ಜೋಡಿಸಿದ ರಾಷ್ಟ್ರೀಯ ಚೌಕಟ್ಟಿನ 8ನೇ ಹಂತ, ಸ್ನಾತಕೋತ್ತರ ಪದವಿಗಿಂತ ಒಂದು ಮೆಟ್ಟಿಲು ಕೆಳಗೆ. ಕೆಲಸದ ಜೊತೆ ಅರೆಕಾಲಿಕವಾಗಿ ಓದಬಹುದು, ಬಹಳಷ್ಟು ಪಾಠ ಆನ್‌ಲೈನ್. ಪಾಠಪಟ್ಟಿಯ ಅಂದಕ್ಕೆ ಮರುಳಾಗಬೇಡಿ. ಅಣಕು ನ್ಯಾಯಾಲಯ ಇದೆಯೇ ಎಂದು ಕೇಳಿ. ನೀವು ಬರೆದ ವರದಿಯನ್ನು ಅನುಭವಿಗಳು ಸಾಲುಸಾಲಾಗಿ ತಿದ್ದಿಕೊಡುತ್ತಾರೆಯೇ ಎಂದೂ ಕೇಳಿ. ಇವೆರಡೂ ಇಲ್ಲದ ಕೋರ್ಸ್‌ಗೆ ನಾನಂತೂ ಯಾರನ್ನೂ ಕಳಿಸುವುದಿಲ್ಲ. ವಕೀಲರು ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳುವಾಗ ‘ಇಷ್ಟರಿಂದ ಅದನ್ನು ಹೇಳಲಾಗದು’ ಎಂದು ಶಾಂತವಾಗಿ ಉತ್ತರಿಸುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ.

ಸರ್ಟಿಫಿಕೇಟ್ ಕೈಗೆ ಬಂದಮಾತ್ರಕ್ಕೆ ತಜ್ಞ ಸಾಕ್ಷಿಯಾಗುವುದಿಲ್ಲ. ಯಾರನ್ನು ತಜ್ಞರೆಂದು ಸ್ವೀಕರಿಸಬೇಕೆಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ಸ್ವತಂತ್ರವಾಗಿ ಪರೀಕ್ಷೆ ನಡೆಸಲು ಹಲವೆಡೆ ಬೇರೆ ತರಬೇತಿ, ಮೇಲ್ವಿಚಾರಣೆಯ ಅವಧಿ ಬೇಕಾಗುತ್ತದೆ. ಶುಲ್ಕ ಕಟ್ಟುವ ಮೊದಲೇ ನಿಮ್ಮ ವೃತ್ತಿ ಮಂಡಳಿಯಲ್ಲಿ ವಿಚಾರಿಸಿ.

ಇನ್ನೊಂದು ಮಾತು. ವಾರವಿಡೀ ಹಿಂಸೆಗೊಳಗಾದವರ ನಡುವೆ ಕೆಲಸ ಮಾಡಿ, ರಾತ್ರಿ ಕೂತು ಅದನ್ನೇ ಓದುವುದು ಮನಸ್ಸಿಗೆ ಭಾರ. ಮಕ್ಕಳ ಪ್ರಕರಣಗಳ ಪಾಠ ಬರುವ ವಾರ ನೈಟ್ ಡ್ಯೂಟಿ ಬೇಡವೆಂದು ಮೊದಲೇ ಹೇಳಿಡಿ, ಮತ್ತು ಓದಿದ್ದರ ಬಗ್ಗೆ ಮನಬಿಚ್ಚಿ ಮಾತಾಡಲು ಒಬ್ಬ ಹಿರಿಯರನ್ನು ಕೋರ್ಸ್ ಶುರುವಾಗುವ ಮುನ್ನವೇ ಗೊತ್ತುಮಾಡಿಕೊಳ್ಳಿ.