ಅಳತೆಗೆ ಕೊಡುವ ಹಳೇ ಕುಬಸ

ನಲವತ್ತೈದು ದಾಟಿದ ಹೆಣ್ಣುಮಕ್ಕಳು ಹೊಲಿಗೆ ಅಂಗಡಿಗೆ ಬಂದಾಗ ಚೀಲದಿಂದ ಹೊಸ ಬಟ್ಟೆಯ ಜೊತೆಗೆ ಅಳತೆಯ ಕುಬಸವನ್ನೂ (ಹಳೇ ರವಿಕೆ) ತೆಗೆದು ಮೇಜಿನ ಮೇಲೆ ಇಡುತ್ತಾರೆ. ಏಳೆಂಟು ವರ್ಷದ ಹಿಂದೆ ಯಾವುದೋ ಮದುವೆಗೆ ಹೊಲಿಸಿದ್ದು. ಅಂದು ಮೈಗೆ ಅಚ್ಚೊತ್ತಿದಂತೆ ಕೂತಿತ್ತು. "ಇದರಂಗ ಹೊಲೀರಿ, ಬಗಲಾಗ ಒಂದೀಟು ಸಡ್ಲ ಮಾಡ್ರಿ" ಎನ್ನುತ್ತಾರೆ. ಹೊಸ ಕುಬಸ ಕೆಡುವುದು ಆ ಮಾತಿನಿಂದಲೇ. ವಾರದ ಮೇಲೆ ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತಾಗ, "ವಯಸ್ಸಾತಲ್ಲ, ಇನ್ನ ಏನ ಹಾಕಿದ್ರೂ ಅಷ್ಟ" ಎಂದು ತಮ್ಮನ್ನೇ ತಾವು ದೂರಿಕೊಳ್ಳುತ್ತಾರೆ. ಬೆಳಗಾವಿಯ ಖಡೇಬಜಾರಿನಲ್ಲಿ ಹೊಸ ಬಟ್ಟೆ ನೋಡುವ ಮುಂಚೆ, ಅಲಮಾರಿಯನ್ನು ಖಾಲಿ ಮಾಡುವ ಮುಂಚೆ, ಆ ಅಳತೆಯ ಕುಬಸವನ್ನು ಪಕ್ಕಕ್ಕಿಡಿ. ನಡುವಯಸ್ಸಿನಲ್ಲಿ ಛಂದ ಕಾಣಬೇಕೆಂದರೆ ಮೊದಲು ಬೇಕಾದದ್ದು ಹೊಸ ಅಳತೆ.

ಈ ವಯಸ್ಸಿನಲ್ಲಿ ಮೈ ದಪ್ಪವಾಗುವುದಕ್ಕಿಂತ ಹೆಚ್ಚಾಗಿ ಅದರ ಆಕಾರ ಜಾಗ ಬದಲಿಸುತ್ತದೆ. ಎದೆ ಅರ್ಧದಿಂದ ಒಂದು ಇಂಚು ಕೆಳಗಿಳಿಯುತ್ತದೆ. ಭುಜ ಮುಂದಕ್ಕೆ ಬಾಗುತ್ತದೆ, ಕುತ್ತಿಗೆಯ ಹಿಂದೆ ಬೆನ್ನು ದುಂಡಗಾಗುತ್ತದೆ. ರಟ್ಟೆ ತುಂಬಿಕೊಳ್ಳುತ್ತದೆ. ತಕ್ಕಡಿಯಲ್ಲಿ ತೂಕ ಏರದಿದ್ದರೂ ಇಷ್ಟು ಆಗುತ್ತದೆ.

ಒಂದು ಕುಬಸವನ್ನೇ ಹತ್ತಿರದಿಂದ ನೋಡೋಣ. ಹಳೇ ಅಳತೆಯಲ್ಲಿ ಎದೆ ಸುತ್ತು 36 ಇಂಚು, ಭುಜದಿಂದ ಎದೆಯ ತುದಿಗೆ 9½. ಈಗ ಸುತ್ತು 38½, ಭುಜದಿಂದ 10½. ಟೇಲರ್ ಹಳೇ ಕುಬಸವನ್ನು ಹಾಸಿ ಗೆರೆ ಎಳೆದು, ಎರಡೂ ಬದಿಗೆ ಒಟ್ಟು ಎರಡೂವರೆ ಇಂಚು ಕೂಡಿಸುತ್ತಾರೆ. ಆ ಅಗಲವೆಲ್ಲ ಬಗಲಿನ ಕೆಳಗೆ ಹೋಗಿ ನೆರಿಗೆಯಾಗಿ ನಿಲ್ಲುತ್ತದೆ, ಬೇಕಾದ ಎದೆಯ ಮೇಲೆ ಬರುವುದೇ ಇಲ್ಲ. ಟಕ್ಸಿನ (ಎದೆಯ ಆಕಾರಕ್ಕೆ ಬಟ್ಟೆ ಮಡಿಸಿ ಹಾಕುವ ಚೂಪು ಹೊಲಿಗೆ) ತುದಿ ಹಳೇ ಜಾಗದಲ್ಲೇ, ಎದೆಗಿಂತ ಒಂದು ಇಂಚು ಮೇಲೆ ಉಳಿದು ಅಲ್ಲಿ ಬಟ್ಟೆ ಟೊಳ್ಳಾಗಿ ಚೂಪಾಗಿ ಎದ್ದು ಕಾಣುತ್ತದೆ. ಮುಂದಿನ ಅಂಚು ಮೇಲೇರುತ್ತದೆ, ದಿನವಿಡೀ ಅದನ್ನು ಕೆಳಗೆ ಜಗ್ಗುತ್ತಿರಬೇಕು. ದುಂಡಗಾದ ಬೆನ್ನು ಹಿಂದಿನ ಉದ್ದವನ್ನು ತಿಂದು ಇಡೀ ಕುಬಸವನ್ನು ಹಿಂದಕ್ಕೆ ಎಳೆಯುವುದರಿಂದ ಮುಂಗೊರಳು ಗಂಟಲಿಗೆ ಒತ್ತುತ್ತದೆ. ಬಟ್ಟೆ ಎಷ್ಟು ದುಬಾರಿಯದಾದರೂ ಇದನ್ನು ಮುಚ್ಚಲಾರದು.

ಅಳತೆ ಕೊಡುವಾಗ ದಿನವೂ ಹಾಕುವ ಒಳಉಡುಪನ್ನೇ ಹಾಕಿರಬೇಕು. ಸಡಿಲಾದ ಹಳೆಯದರ ಮೇಲೆ ಅಳತೆ ಕೊಟ್ಟು, ಸಮಾರಂಭದ ದಿನ ಬಿಗಿಯಾದ ಹೊಸದನ್ನು ಹಾಕಿದರೆ ಎದೆಯ ತುದಿ ಮುಕ್ಕಾಲು ಇಂಚು ಮೇಲೆ ಹೋಗುತ್ತದೆ, ಟಕ್ಸ್ ಮತ್ತೆ ತಪ್ಪುತ್ತದೆ. ಉಸಿರು ಬಿಗಿಹಿಡಿಯಬೇಡಿ, ಹೊಟ್ಟೆ ಒಳಗೆ ಎಳೆಯಬೇಡಿ. ಎದೆ ಸುತ್ತಿನ ಜೊತೆಗೆ ಐದು ಅಳತೆ ಕೇಳಿ ಬರೆಸಿರಿ: ಬಗಲಿನ ಮಟ್ಟದಲ್ಲಿ ಎದೆಯ ಮೇಲ್ಭಾಗದ ಸುತ್ತು, ಭುಜದಿಂದ ಎದೆಯ ತುದಿ, ಎರಡು ತುದಿಗಳ ನಡುವಿನ ಅಂತರ, ಕೈ ಮುಂದೆ ಕಟ್ಟಿಕೊಂಡಾಗ ಬೆನ್ನಿನ ಅಗಲ, ರಟ್ಟೆಯ ಸುತ್ತು. ಮೇಲ್ಭಾಗದ ಸುತ್ತಿಗೂ ಪೂರ್ತಿ ಎದೆಯ ಸುತ್ತಿಗೂ ಮೂರು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಭುಜ ಮತ್ತು ಕೊರಳನ್ನು ಚಿಕ್ಕ ಅಳತೆಗೆ ಕತ್ತರಿಸಿ ಅಗಲವನ್ನು ಮುಂಭಾಗದಲ್ಲಿ ಮಾತ್ರ ಕೊಡಬೇಕು. ಭುಜದಿಂದ ಕುಬಸ ಜಾರುವ ತೊಂದರೆ ಬಹಳಷ್ಟು ಮಂದಿಗೆ ಇಷ್ಟರಿಂದಲೇ ಹೋಗುತ್ತದೆ.

ಹತ್ತಿಯ ಕುಬಸಕ್ಕೆ ಎದೆಯಲ್ಲಿ ಒಂದರಿಂದ ಒಂದೂವರೆ ಇಂಚು ಸಡಿಲ ಸಾಕು, ರಟ್ಟೆಯಲ್ಲಿ ಒಂದೂವರೆ ಬೇಕು. ಟಕ್ಸ್ ಎದೆಯ ತುದಿಯವರೆಗೆ ಹೋಗಬಾರದು, ಮುಕ್ಕಾಲು ಇಂಚು ಮುಂಚೆಯೇ ನಿಲ್ಲಬೇಕು. 38ಕ್ಕಿಂತ ದೊಡ್ಡ ಎದೆಗೆ ಟಕ್ಸಿನ ಬದಲು ಮುಂಭಾಗವನ್ನು ಉದ್ದಕ್ಕೆ ತುಂಡು ಮಾಡಿ ಕೂಡಿಸುವ ಪ್ರಿನ್ಸೆಸ್ ಕಟ್ ಒಳ್ಳೆಯದು. ಹೊಲಿಗೆ ಎದೆಯ ಮೇಲೆಯೇ ಹಾಯುವುದರಿಂದ ಎಲ್ಲಿ ಬೇಕೋ ಅಲ್ಲಿ ಕಾಲು ಇಂಚು ಬಿಚ್ಚಿ ಹಾಕಬಹುದು.

ಇನ್ನು ಆ "ಬಗಲಾಗ ಸಡ್ಲ" ಎಂಬ ಮಾತು. ಕೈ ಎತ್ತಿದರೆ ಬಿಗಿಯುತ್ತದೆ ಎಂದು ಬಗಲಿನ ಸುತ್ತನ್ನು ಕೆಳಗೆ ಇಳಿಸಿ ಕತ್ತರಿಸುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಪರಿಣಾಮ ತಿರುವುಮುರುವು. ಬಗಲು ಕೆಳಗಿಳಿದಷ್ಟೂ ತೋಳು ಕುಬಸದ ಮೈಗೆ ಹೆಚ್ಚು ಕೆಳಗೆ ಅಂಟಿಕೊಳ್ಳುತ್ತದೆ; ಮೇಲಿನ ಕಪಾಟಿನ ಡಬ್ಬಿಗೆ ಕೈ ಚಾಚಿದರೆ ಇಡೀ ಕುಬಸವೇ ಮೇಲೇಳುತ್ತದೆ. ಬಗಲಿನ ಕುಳಿಯಿಂದ ಅರ್ಧ–ಮುಕ್ಕಾಲು ಇಂಚು ಕೆಳಗೆ ಮಾತ್ರ ಬರುವಂತೆ ಕತ್ತರಿಸಿ, ಅಗಲವನ್ನು ತೋಳಿನಲ್ಲಿ ಕೊಟ್ಟರೆ ಕೈ ಸಲೀಸಾಗಿ ಆಡುತ್ತದೆ. ಇದೊಂದನ್ನು ಟೇಲರ್ ಜೊತೆ ವಾದ ಮಾಡಿಯಾದರೂ ಮಾಡಿಸಿಕೊಳ್ಳಿ.

ತೋಳಿನ ಉದ್ದಕ್ಕೂ ಒಂದು ಲೆಕ್ಕವಿದೆ. ರಟ್ಟೆಯ ಅತಿ ದಪ್ಪ ಜಾಗದಲ್ಲಿ ತೋಳು ಮುಗಿದರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಮೊಣಕೈಗಿಂತ ಒಂದೂವರೆ ಇಂಚು ಮೇಲೆ, ಇಲ್ಲವೇ ಮೊಣಕೈ ದಾಟಿ ಎರಡು ಇಂಚು ಕೆಳಗೆ ಮುಗಿಯಲಿ. ಮೊಣಕೈ ಮುಟ್ಟುವ ತೋಳಾದರೆ ಬಾಯಿಯ ಸುತ್ತಳತೆಯನ್ನು ಕೈ ಮಡಿಸಿ ತೆಗೆಯಬೇಕು. ನೇರ ಕೈಯಲ್ಲಿ ತೆಗೆದರೆ ರೊಟ್ಟಿ ಬಡಿಯುವಾಗ ಹೊಲಿಗೆ ಹರಿಯುತ್ತದೆ.

ಬೆನ್ನ ಹಿಂದೆ ಹುಕ್ಕು, ಡೋರಿ ಇರುವ ಕುಬಸಗಳನ್ನು ಈ ವಯಸ್ಸಿನಲ್ಲಿ ಮುಂದೆ ತೆರೆಯುವಂತೆ ಬದಲಿಸಿಕೊಳ್ಳಿ. ಭುಜ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ನಲವತ್ತರಿಂದ ಅರವತ್ತರ ನಡುವೆಯೇ ಹೆಚ್ಚು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಕೈ ಹಿಂದೆ ಹೋಗದ ದಿನ ಆ ಕುಬಸ ಅಲಮಾರಿಯಲ್ಲೇ ಉಳಿಯುತ್ತದೆ. ಹಿಂದೆ ಆಳವಾದ ಕೊರಳು ಬೇಕಿದ್ದರೆ ಬೇಡವೆನ್ನುವವರು ಯಾರೂ ಇಲ್ಲ, ಹುಕ್ಕು ಮಾತ್ರ ಮುಂದೆ ಇರಲಿ. ಹುಕ್ಕಿನ ಪಟ್ಟಿ ಒಂದು ಇಂಚು ಅಗಲವಿದ್ದು, ಎದೆಯ ತುದಿಯ ನೇರಕ್ಕೆ ಒಂದು ಹುಕ್ಕು ಬರಲೇಬೇಕು. ಅಲ್ಲಿ ತಪ್ಪಿದರೆ ಬಾಯಿ ಬಿಡುವುದೂ ಅಲ್ಲೇ.

ಹಳೇ ಕುಬಸಗಳಲ್ಲಿ ಎಷ್ಟನ್ನು ಉಳಿಸಬಹುದು? ಒಳಗೆ ತಿರುಗಿಸಿ ಬದಿಯ ಹೊಲಿಗೆ ನೋಡಿ. ಒಳಗೆ ಬಿಟ್ಟ ಬಟ್ಟೆ ಒಂದೂವರೆ ಇಂಚಿದ್ದರೆ ದಾರಿ ಇದೆ. ಎರಡೂ ಬದಿಯಲ್ಲಿ ಅರ್ಧರ್ಧ ಇಂಚು ಬಿಚ್ಚಿದರೆ, ಪ್ರತಿ ಬದಿಗೆ ಎರಡು ಪದರ ಇರುವುದರಿಂದ, ಒಟ್ಟು ಎರಡು ಇಂಚು ಸಿಗುತ್ತದೆ. ಜೊತೆಗೆ ತೋಳಿನ ಅಡಿಹೊಲಿಗೆಯನ್ನೂ ಅಷ್ಟೇ ಬಿಚ್ಚಬೇಕು, ಇಲ್ಲದಿದ್ದರೆ ಬಗಲಲ್ಲಿ ತೋಳು ಕೂಡುವುದಿಲ್ಲ. ರೇಷ್ಮೆಯಲ್ಲಿ ಹಳೇ ಸೂಜಿತೂತು ಉಳಿಯುತ್ತದೆ, ಬಿಸಿಲಿಗೆ ಬಣ್ಣ ಮಾಸಿದ ಹತ್ತಿಯಲ್ಲಿ ಒಳಗಿನ ಪಟ್ಟಿ ಗಾಢವಾಗಿ ಕಾಣುತ್ತದೆ. ಸೀರೆ ಉಟ್ಟಾಗ ಸೆರಗಿನಲ್ಲಿ ಮುಚ್ಚದ ಬದಿಯನ್ನು ಬೆಳಕಿನಲ್ಲಿ ನೋಡಿ ತೀರ್ಮಾನಿಸಿ. ಭುಜವೇ ಚಿಕ್ಕದಾದ, ಎದೆಯ ತುದಿ ತಪ್ಪಿದ ಕುಬಸಕ್ಕೆ ಬದಿ ಬಿಚ್ಚಿ ಉಪಯೋಗವಿಲ್ಲ, ಬಿಟ್ಟುಬಿಡಿ.

ನಮ್ಮ ಭಾಗದ ಪ್ರತಿ ಮನೆಯ ಟ್ರಂಕಿನಲ್ಲೂ ಉಡಿ ತುಂಬಿದಾಗ ಬಂದ ಖಣಗಳ, ಅಂದರೆ ಕುಬಸದ ತುಂಡುಬಟ್ಟೆಗಳ, ಒಂದು ಗಂಟು ಇದ್ದೇ ಇರುತ್ತದೆ. ಗುಳೇದಗುಡ್ಡದ ಖಣದಷ್ಟು ಸೊಗಸಾದ ಬಟ್ಟೆ ಈ ವಯಸ್ಸಿಗೆ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಿಕ್ಕ ಚಿಕ್ಕಿ, ಗಾಢ ಬಣ್ಣ, ಸಣ್ಣ ಹೊಳಪು. ಆದರೆ ಆ ತುಂಡು ನೇಯ್ದದ್ದು ಹಳೇ ಕಾಲದ ಗಂಟು ಹಾಕುವ ಕುಬಸಕ್ಕೆ. ಅಗಲ ಕಡಿಮೆ, 40ರ ಎದೆಗೆ ಮೊಣಕೈ ತೋಳಿನ ಕುಬಸ ಒಂದೇ ಖಣದಲ್ಲಿ ಆಗುವುದಿಲ್ಲ. ಅದೇ ಬಣ್ಣದ ಸಾದಾ ಹತ್ತಿಯಲ್ಲಿ ಬೆನ್ನು ಮತ್ತು ಬಗಲಿನ ತುಂಡು ಕತ್ತರಿಸಿ, ಮುಂಭಾಗ ಮತ್ತು ತೋಳಿಗೆ ಖಣ ಬಳಸಿ. ಖಣದ ದಡಿ ತೋಳಿನ ಅಂಚಿಗೆ ಬರಲಿ. ಇಲ್ಲಿ ಪ್ರಿನ್ಸೆಸ್ ಕಟ್ ಬೇಡ, ಚಿಕ್ಕಿಯ ಸಾಲು ಎದೆಯ ಮೇಲೆ ತುಂಡಾಗುತ್ತದೆ, ಟಕ್ಸೇ ಇರಲಿ.

ಖಣದಲ್ಲಿ ಹೊಲಿಗೆ ಬಿಚ್ಚುವುದಕ್ಕಿಂತ ಮುಂಚೆ ಎಳೆ ಸರಿಯುತ್ತದೆ. ಬಿಗಿಯಾದ ಬೆನ್ನಿನ ಹೊಲಿಗೆಯ ಪಕ್ಕದಲ್ಲಿ ಜಾಳಿಗೆಯಂತೆ ಬಾಯಿ ಬಿಟ್ಟದ್ದನ್ನು ನೀವೂ ನೋಡಿರುತ್ತೀರಿ. ಅದಕ್ಕೆ ಉಪಾಯ ಅಸ್ತರದಲ್ಲಿದೆ. ಅಸ್ತರವನ್ನು ಖಣಕ್ಕಿಂತ ಪ್ರತಿ ಬದಿಗೆ ಕಾಲು ಇಂಚು ಬಿಗಿ ಇಟ್ಟರೆ ಜಗ್ಗುವ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಮೇಲಿನ ಖಣ ನಿರಾಳವಾಗಿ ಕೂರುತ್ತದೆ. 11ನೇ ನಂಬರಿನ ಸೂಜಿ, ಇಂಚಿಗೆ ಹತ್ತು–ಹನ್ನೆರಡು ಹೊಲಿಗೆ, ಕತ್ತರಿಸಿದ ಕೂಡಲೇ ಅಂಚಿಗೆ ಇಂಟರ್‌ಲಾಕ್. ಅಸ್ತರ ಹತ್ತಿಯದ್ದೇ ಆಗಿರಲಿ, ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಸಿ. ನೆನೆಸದ ಅಸ್ತರ ಮೊದಲ ಒಗೆತಕ್ಕೆ ಮೀಟರಿಗೆ ಮೂರು–ನಾಲ್ಕು ಸೆಂಟಿಮೀಟರ್ ಕುಗ್ಗಿ, ಮೇಲಿನ ಬಟ್ಟೆ ಉಬ್ಬಿ ನಿಲ್ಲುತ್ತದೆ. ವಿಜಯಪುರದ ಏಪ್ರಿಲ್–ಮೇ ಬಿಸಿಲಲ್ಲಿ, ಅದರ ಮೇಲೆ ಮುಟ್ಟು ನಿಲ್ಲುವ ಕಾಲದ ಮೈಬಿಸಿಯೂ ಸೇರಿದಾಗ, ಸಿಂಥೆಟಿಕ್ ಅಸ್ತರದ ಕುಬಸ ಶಿಕ್ಷೆಯೇ ಸರಿ. ಬಗಲಿಗೆ ಎರಡು ಪದರ ಮಲ್‌ಮಲ್‌ನ ಬೆವರುಪಟ್ಟಿಯನ್ನು ಕೈಹೊಲಿಗೆಯಲ್ಲಿ ಹಾಕಿಸಿದರೆ ಬಿಚ್ಚಿ ಒಗೆಯಬಹುದು, ಖಣದ ಬಣ್ಣವೂ ಉಳಿಯುತ್ತದೆ.

ಇಳಕಲ್ ಸೀರೆ ಉಟ್ಟಾಗ ಹೊಟ್ಟೆ ದಪ್ಪ ಕಾಣುತ್ತದೆ ಎನ್ನುವವರು ಸೀರೆ ಬಿಟ್ಟು ಮೊದಲು ಒಳಗಿನ ಪರಕಾರ (ಒಳಲಂಗ) ನೋಡಬೇಕು. ನಾಲ್ಕು ತುಂಡಿನ ಪರಕಾರದಲ್ಲಿ ಬಟ್ಟೆಯೆಲ್ಲ ಸೊಂಟದಲ್ಲಿ ಲಾಡಿಗೆ ಗುಂಪಾಗುತ್ತದೆ. ಆರು ತುಂಡಿನದು ಸೊಂಟದಲ್ಲಿ ಚಪ್ಪಟೆಯಾಗಿ ಕೂತು ಕೆಳಗೆ ಅಗಲವಾಗುತ್ತದೆ. ಲಾಡಿಯ ಬದಲು ಎರಡು ಇಂಚಿನ ಪಟ್ಟಿ, ಅದರೊಳಗೆ ಚಪ್ಪಟೆ ನಾಡ ಇರಲಿ. ಸಣ್ಣ ಹುರಿಯನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದರೆ ಚರ್ಮ ಕಪ್ಪಾಗಿ, ಬಿರಿದು, ಹುಣ್ಣಾಗುತ್ತದೆ. ಮಾಯದ ಗಾಯವಿದ್ದರೆ ವೈದ್ಯರಿಗೆ ತೋರಿಸಲೇಬೇಕು. ನಿರಿಗೆ ಐದಾರು ಸಾಕು, ಹೊಕ್ಕಳಿಂದ ಒಂದು ಇಂಚು ಎಡಕ್ಕೆ ಸಿಕ್ಕಿಸಿ, ಒಳಗಿನಿಂದ ಪಿನ್ ಹಾಕಿ ಒತ್ತಿಬಿಡಿ. ಭುಜಕ್ಕೆ ಪಿನ್ ಹಾಕುವಾಗ ಎಚ್ಚರ: ಇಳಕಲ್ಲಿನಲ್ಲಿ ಒಡಲಿನ ಹಾಸು ಎಳೆಗೆ ಸೆರಗಿನ ಹಾಸು ಎಳೆಯನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆಯ ಮೇಲೇ ಪಿನ್ ಚುಚ್ಚಿದರೆ ಕೊಂಡಿಯ ಎಳೆ ಹರಿಯುತ್ತದೆ, ಮತ್ತೆ ಸೇರಿಸುವುದು ಕಷ್ಟ. ನಾಲ್ಕು ಬೆರಳು ಆಚೆ ಚುಚ್ಚಿ.

ಫಾಲ್‌ನ ಮಾತು ಚಿಕ್ಕದು. ಹತ್ತಿಯ ಫಾಲನ್ನೂ ನೆನೆಸಿಯೇ ಹಚ್ಚಿಸಿ. ಬೆಳಗಾವಿಯ ಜುಲೈ ಮಳೆಯಲ್ಲಿ ಅಂಚು ದಿನವೂ ತೊಯ್ಯುತ್ತದೆ. ಫಾಲ್ ಕುಗ್ಗಿದರೆ ಸೀರೆಯ ಅಂಚು ಸುರುಟಿ ಮೇಲೇಳುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮವರು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯ ನೋಡಿದರೆ ಸಂಕಟವಾಗುತ್ತದೆ. ನಲವತ್ತೈದು ಆಯಿತೆಂದು ಬೂದಿ, ಮಣ್ಣು, ಮಾಸಿದ ಗುಲಾಬಿಗೆ ಇಳಿಯುತ್ತಾರೆ. ಎಂಬತ್ತರ ಅಜ್ಜಿಯರು ಇಳಕಲ್ ಸೀರೆಯ ಕೆಂಪು ಟೋಪ್ ತೆನಿ ಸೆರಗು ಹೊದ್ದು ತೇರಿಗೆ ಹೋಗುವ ನಾಡು ಇದು. ದಾಳಿಂಬೆ ಕೆಂಪು, ಗಿಳಿ ಹಸಿರು ನಿಮಗೆ ಒಪ್ಪುವುದಿಲ್ಲ ಎಂದವರಾರು? ಕೂದಲು ನರೆತಾಗ ಮುಖದ ಸುತ್ತಲಿನ ಕಪ್ಪು ಕಡಿಮೆಯಾಗುತ್ತದೆ, ಆಗ ಮಂಕು ಬಣ್ಣ ಮುಖವನ್ನೂ ಮಂಕಾಗಿಸುತ್ತದೆ. ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಆರಿಸಬೇಡಿ. ಅಂಗಡಿಯ ಬಾಗಿಲಿಗೆ ತಂದು ಹಗಲು ಬೆಳಕಲ್ಲಿ ಗದ್ದದ ಕೆಳಗೆ ಹಿಡಿದು, ಎರಡು ಬಣ್ಣ ಒಂದರ ಹಿಂದೊಂದು ನೋಡಿ. ಕಣ್ಣ ಕೆಳಗಿನ ಕಪ್ಪು ಯಾವುದರಲ್ಲಿ ಕಡಿಮೆ ಕಂಡಿತೋ ಅದನ್ನು ತೆಗೆದುಕೊಳ್ಳಿ.

ಆಫೀಸಿಗೆ, ಶಾಲೆಗೆ ಕುರ್ತಾ ಹಾಕುವವರು ಸೊಂಟದ ಕೆಳಗಿನ ಸುತ್ತಳತೆಯನ್ನು ಕುರ್ಚಿಯ ಮೇಲೆ ಕೂತು ಕೊಡಬೇಕು. ನಿಂತಾಗಿನದಕ್ಕಿಂತ ಒಂದರಿಂದ ಎರಡು ಇಂಚು ಹೆಚ್ಚು ಬರುತ್ತದೆ, ಬದಿಯ ಸೀಳು ಕಿತ್ತುಹೋಗುವುದು ಆ ಅಂತರದಲ್ಲೇ. ಮೀನಖಂಡದ ದಪ್ಪ ಜಾಗದಲ್ಲಿ ಕುರ್ತಾ ಮುಗಿಸಬೇಡಿ, ಮಂಡಿಯ ಕೆಳಗೆ ಎರಡು ಇಂಚು ಸಾಕು. ಒಂದೆರಡು ಸಾದಾ ಕುರ್ತಾದ ಮೇಲೆ ಹಾಕಲು ತೋಳಿಲ್ಲದ ಖಣದ ಜಾಕೀಟು ಹೊಲಿಸಿಕೊಂಡರೆ ವಾರದ ಉಡುಪು ಬದಲಾದಂತೆ ಕಾಣುತ್ತದೆ. ಹಳೇ ಇಳಕಲ್ಲಿನಿಂದ ಜಾಕೀಟು ಮಾಡುವುದಾದರೆ, ಒದ್ದೆ ಬಿಳಿ ಕರವಸ್ತ್ರವನ್ನು ಸೆರಗಿನ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಕೆಂಪು ಹತ್ತಿದರೆ ತಿಳಿ ಬಣ್ಣದ ಅಸ್ತರ ಹಾಕಬೇಡಿ.

ಹೊಸ ಅಳತೆಯ ಮೊದಲ ಕುಬಸವನ್ನು ಖಣದಲ್ಲಿ ಕತ್ತರಿಸಬಾರದು. ಒಂದು ಮೀಟರ್ ಸಾದಾ ಪಾಪ್ಲಿನ್‌ನಲ್ಲಿ ಮಾದರಿ ಹೊಲಿಸಿ, ತೊಟ್ಟು ಎರಡು ದಿನ ಮನೆಗೆಲಸ ಮಾಡಿ. ಬಗಲಿನಿಂದ ಎದೆಗೆ ಓರೆ ಗೆರೆ ಬಿದ್ದರೆ ಮುಂಭಾಗ ಸಾಲುತ್ತಿಲ್ಲ. ಹಿಂದಿನ ಅಂಚು ಮೇಲೇರಿದರೆ ಬೆನ್ನಿಗೆ ಅರ್ಧ ಇಂಚು ಉದ್ದ ಬೇಕು. ಗುರುತನ್ನು ಆ ಬಟ್ಟೆಯ ಮೇಲೇ ಪೆನ್ನಿನಲ್ಲಿ ಹಾಕಿ ಟೇಲರಿಗೆ ಒಪ್ಪಿಸಿ, ತಿದ್ದಿದ ಅಳತೆಯನ್ನು ತಾರೀಖು ಸಮೇತ ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ, ಇಲ್ಲವೇ ತೂಕ ಮೂರ್ನಾಲ್ಕು ಕಿಲೋ ಆಚೀಚೆ ಆದಾಗ, ಮತ್ತೆ ತೆಗೆಸಿ. ಇದನ್ನೆಲ್ಲ ನವರಾತ್ರಿಯ ವಾರದಲ್ಲಿ ಕೇಳಿದರೆ ಯಾವ ಟೇಲರಿಗೂ ಪುರಸೊತ್ತಿರುವುದಿಲ್ಲ. ಶ್ರಾವಣ ಶುರುವಾಗುವ ಮುಂಚೆಯೇ, ಅಂಗಡಿಯಲ್ಲಿ ಗದ್ದಲವಿಲ್ಲದ ಮಧ್ಯಾಹ್ನ ನೋಡಿ ಹೋಗಿ.