ಉಳ್ಳಾಗಡ್ಡಿ ಅಗ್ಗವಾಗಲಿ, ದುಡ್ಡು ಕೊಡೋರು ಯಾರು?

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಚೀಲ ಬಿಚ್ಚಿದರೆ ಖರೀದಿದಾರರು ಗಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ದರ ಅಲ್ಲೇ ಇಳಿಯಿತು. ಗದಗ, ನರಗುಂದ, ನವಲಗುಂದದ ಎರೆ ಹೊಲದಲ್ಲಿ ಮುಂಗಾರಿಗೆ ಬೆಳೆದ ಮಾಲಿನಲ್ಲಿ ನೀರು ಜಾಸ್ತಿ. ಮಹಾರಾಷ್ಟ್ರದ ಹಿಂಗಾರಿ ಗಡ್ಡೆ ನಾಲ್ಕೈದು ತಿಂಗಳು ಇಟ್ಟರೂ ತಡೆಯುತ್ತದೆ. ನಮ್ಮದು ಕೆಲವೇ ವಾರ. "ಇಟ್ರ ಕೊಳೀತೈತ್ರಿ, ಕೊಟ್ರ ಕೈಗೆ ಏನೂ ಬರಂಗಿಲ್ರಿ" ಅನ್ನುವ ಮಾತು ಇಲ್ಲಿ ಹೊಸದಲ್ಲ.

2023ರ ಡಿಸೆಂಬರ್ 8ರಂದು ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತು ನಿಷೇಧಿಸಿತು. ಆಗಸ್ಟಿನಲ್ಲೇ ಶೇ 40 ರಫ್ತು ಸುಂಕ ಹಾಕಿಯಾಗಿತ್ತು. ಉದ್ದೇಶವೇನೋ ಒಳ್ಳೆಯದೇ, ಪೇಟೆಯ ಬಡವರ ಅಡುಗೆಮನೆಗೆ ಉಳ್ಳಾಗಡ್ಡಿ ಎಟುಕಬೇಕು. ಲಾಭ-ನಷ್ಟದ ಲೆಕ್ಕಕ್ಕೆ ಸಿಗದ ಇಂಥವನ್ನು ಆರ್ಥಿಕೇತರ ಗುರಿ ಎನ್ನುತ್ತಾರೆ. ಅವನ್ನು ಕಡಿಮೆ ನಷ್ಟದಲ್ಲಿ ಮುಟ್ಟುವುದು ಹೇಗೆಂದು ಅರ್ಥಶಾಸ್ತ್ರಜ್ಞರಾದ ಜಗದೀಶ್ ಭಗವತಿ ಮತ್ತು ಟಿ.ಎನ್. ಶ್ರೀನಿವಾಸನ್ 1969ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ನೋವು ಎಲ್ಲಿದೆಯೋ ಮದ್ದು ಅಲ್ಲಿಗೇ ತಾಗಬೇಕು. ಜನ ಜಾಸ್ತಿ ತಿನ್ನಬೇಕಾ, ಕೊಳ್ಳುವವರಿಗೆ ನೆರವು ಕೊಡಿ. ಬೆಳೆ ಉಳಿಯಬೇಕಾ, ಬೆಳೆಯುವವರಿಗೆ ಕೊಡಿ. ಆಮದನ್ನೇ ತಗ್ಗಿಸಬೇಕು ಅಂತಿದ್ದರೆ ಆಗ ಆಮದು ಸುಂಕ ಸರಿ.

ರಫ್ತು ತಡೆದರೆ ಒಳಗಿನ ದರ ಇಳಿಯುತ್ತದೆ. ರಿಯಾಯಿತಿ ಬಡವರಿಗೂ ಸಿಗುತ್ತೆ, ಬಂಗಲೆಯವರಿಗೂ ಸಿಗುತ್ತೆ. ಬಿಲ್ಲು ಮಾತ್ರ ಬೆಳೆದವರ ಹೆಸರಿಗೆ. ಅವರು ಮುಂದಿನ ವರ್ಷ ಕಮ್ಮಿ ಬಿತ್ತಿದರೆ ದರ ಮತ್ತೆ ಏರುತ್ತದೆ, ಅಲ್ವಾ?

ಅದೇ 2023ರಲ್ಲಿ ಸರ್ಕಾರ 5 ಲಕ್ಷ ಟನ್ ದಾಸ್ತಾನಿನ ಗುರಿ ಇಟ್ಟು, ಕಿಲೋಗೆ 25 ರೂಪಾಯಿಯಂತೆ ಮಾರಿಸಿತ್ತು ಕೂಡ. ಅದರ ಖರ್ಚು ಖಜಾನೆಯದು, ಅಂದರೆ ನಮ್ಮೆಲ್ಲರದು. ಗೋದಾಮಿನಲ್ಲಿ ಒಂದಿಷ್ಟು ಕೊಳೆಯುತ್ತದೆ, ಒಪ್ಪೋಣ. ಆದರೂ ನನಗೆ ಆ ದಾರಿಯೇ ವಾಸಿ ಅನಿಸುತ್ತದೆ. ಬಜೆಟ್ಟಿಗೆ ಬಿದ್ದ ಖರ್ಚನ್ನು ಯಾರಾದರೂ ಎದ್ದು ನಿಂತು ಕೇಳಬಹುದು. ನಿಷೇಧದ ಖರ್ಚು ಯಾವ ಕಡತದಲ್ಲೂ ಇರುವುದಿಲ್ಲ.

ನಿಷೇಧ ತೆರವಾದದ್ದು 2024ರ ಮೇ 4ಕ್ಕೆ. ಅದೂ ಟನ್ನಿಗೆ ಕನಿಷ್ಠ 550 ಡಾಲರ್ ರಫ್ತು ದರ, ಜೊತೆಗೆ ಶೇ 40 ಸುಂಕ. ಅಷ್ಟೊತ್ತಿಗೆ ನಮ್ಮ ಕಡೆಯ ಮುಂಗಾರಿ ಮಾಲು ಮಾರಿ, ಕೊಳೆತು ಮುಗಿದಿತ್ತು. ಎರೆ ಹೊಲಗಳು ಮುಂದಿನ ಮಳೆಗೆ ಕಾಯುತ್ತಿದ್ದವು.