ಕ್ಷಣಾರ್ಧದಲ್ಲಿ ತಣಿದ ಲೋಹ: ಬೇಗ ಸಿಕ್ಕಿದ್ದು ಉಳಿಯಲಿಲ್ಲವೇಕೆ?

ಲೋಹದ ತ್ರೀಡಿ ಮುದ್ರಣದ ಬಗ್ಗೆ ಬರುವ ಬರಹಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಪದರ ಪದರವಾಗಿ ಹರಡಿದ ಪುಡಿಯನ್ನು ಲೇಸರ್ ಕರಗಿಸಿದಾಗ ಆ ಲೋಹ ಥಟ್ಟನೆ ತಣಿಯುವುದರಿಂದ ಅದರ ಒಳರಚನೆ ನವಿರಾಗಿ ಬಲ ಹೆಚ್ಚುತ್ತದೆ ಎಂಬುದು ಒಂದು. ಹಾಗೆ ತಣಿಯುವುದರಿಂದಲೇ ಅದು ಸೆಟೆದುಕೊಂಡು ಬಿರುಕು ಬಿಡುತ್ತದೆ ಎಂಬುದು ಇನ್ನೊಂದು. ಎರಡೂ ನಿಜ. ಗೊಂದಲ ಬಿಡಿಸಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಮ್ಮಾರರು ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದಿ ಹದ ಕೊಡುತ್ತಿದ್ದ ಕಾಲದಿಂದ ಹಿಡಿದು, 1930ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಮತ್ತು ಬೇನ್ ಉಕ್ಕು ಯಾವ ತಾಪದಲ್ಲಿ ಎಷ್ಟು ಹೊತ್ತಿಗೆ ಏನಾಗುತ್ತದೆಂಬ ನಕ್ಷೆ ಬರೆಯುವವರೆಗೆ, ಚರ್ಚೆ ಹೆಚ್ಚಾಗಿ ನಡೆದದ್ದು ಆಗಲೇ ಗಟ್ಟಿಯಾಗಿದ್ದ ಲೋಹವನ್ನು ತಣಿಸುವುದರ ಸುತ್ತ. ಕರಗಿದ ಲೋಹವನ್ನೇ ದಿಢೀರನೆ ಗಟ್ಟಿಯಾಗಿಸುವುದು ಬೇರೆಯೇ ವಿಷಯ.

ದ್ರವ ನಿಧಾನವಾಗಿ ಗಟ್ಟಿಯಾದರೆ ಬೆರಕೆಯ ಪರಮಾಣುಗಳಿಗೆ ಬೇರ್ಪಡಲು ಸಮಯ ಸಿಗುತ್ತದೆ. ಮೊದಲು ಕೊಂಬೆ ಕೊಂಬೆಯಾಗಿ ಡೆಂಡ್ರೈಟ್‌ಗಳು ಬೆಳೆಯುತ್ತವೆ. ಅವುಗಳ ಸಂದಿಯಲ್ಲಿ ಕೊನೆಗೆ ಗಟ್ಟಿಯಾಗುವ ದ್ರವದ ಸಂಯೋಜನೆಯೇ ಬೇರೆಯಾಗಿರುತ್ತದೆ. ತಣಿಯುವ ವೇಗ ಹೆಚ್ಚಿದಷ್ಟೂ ಕೊಂಬೆಗಳ ನಡುವಿನ ಅಂತರ ಕುಗ್ಗುತ್ತದೆ. ಇನ್ನೂ ವೇಗ ಹೆಚ್ಚಿದರೆ ಬೆರಕೆಯ ಪರಮಾಣುಗಳು ಹೊರಬರಲಾಗದೆ ಹರಳಿನೊಳಗೇ ಸಿಕ್ಕಿಬೀಳುತ್ತವೆ. ಅದಕ್ಕೂ ಮೀರಿದರೆ, ಕೆಲವು ಮಿಶ್ರಲೋಹಗಳಲ್ಲಿ, ಹರಳೇ ಕಟ್ಟುವುದಿಲ್ಲ.

ಈ ಕೊನೆಯ ಸ್ಥಿತಿ ಎದುರಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ (ಕ್ಯಾಲ್ಟೆಕ್) ಪೋಲ್ ಡ್ಯೂವೇ ಅವರ ತಂಡಕ್ಕೆ. ಅವರು ಹೊರಟಿದ್ದು ಬೆಳ್ಳಿ ಮತ್ತು ತಾಮ್ರ ಗಟ್ಟಿಯಾದ ಮೇಲೂ ಪೂರ್ತಿ ಬೆರೆತೇ ಇರುವಂತೆ ಮಾಡಲು. ಕರಗಿದ ಹನಿಯನ್ನು ಅನಿಲದ ಹೊಡೆತದಿಂದ ತಾಮ್ರದ ಮೇಲ್ಮೈಗೆ ಚಿಮ್ಮಿಸಿ, ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯ ಆಸುಪಾಸಿನ ವೇಗದಲ್ಲಿ ತಣಿಸಿದರು. ಬೆಳ್ಳಿ-ತಾಮ್ರ ಬೆರೆತವು. ಅದೇ ವಿಧಾನವನ್ನು ಚಿನ್ನ-ಸಿಲಿಕಾನ್‌ಗೆ ಬಳಸಿದಾಗ ಸಿಕ್ಕಿದ್ದು ಲೋಹದ ಗಾಜು, ಅಂದರೆ ಹರಳು ಕಟ್ಟದೆ ಗಟ್ಟಿಯಾದ ಲೋಹ. ಅದನ್ನು 1960ರಲ್ಲಿ ಪ್ರಕಟಿಸಿದರು. ಆ ಗಾಜು ಕೋಣೆಯ ತಾಪದಲ್ಲೇ ಹೆಚ್ಚು ಕಾಲ ಉಳಿಯಲಿಲ್ಲ. ಈ ಇಡೀ ಚರಿತ್ರೆಯಲ್ಲಿ ಎಲ್ಲರೂ ಹೆಚ್ಚು ಗಮನ ಕೊಡಬೇಕಿದ್ದ ಸಂಗತಿ ಇದು ಎಂದು ನನಗೆ ಅನಿಸುತ್ತದೆ.

ಮುಂದಿನ ಎರಡು ದಶಕ ಉತ್ಸಾಹದವು. ವೇಗವಾಗಿ ತಿರುಗುವ ತಾಮ್ರದ ಚಕ್ರದ ಮೇಲೆ ಕರಗಿದ ಲೋಹ ಸುರಿದರೆ ತಲೆಗೂದಲಿಗಿಂತ ತೆಳುವಾದ ರಿಬ್ಬನ್ ಹೊರಬರುತ್ತಿತ್ತು. 1982ರ ಏಪ್ರಿಲ್ 8ರಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಡಾನ್ ಶೆಕ್ಟ್‌ಮನ್ ಇಂಥ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಾದರಿಯೊಂದರಲ್ಲಿ, ಹರಳಿನಲ್ಲಿ ಇರಲಾರದು ಎನ್ನಲಾಗಿದ್ದ ಸಮಮಿತಿ ಕಂಡರು. ಪರಮಾಣುಗಳು ಕ್ರಮವಾಗಿ ಜೋಡಣೆಯಾಗಿದ್ದರೂ ಒಂದೇ ವಿನ್ಯಾಸ ಮರುಕಳಿಸದ ಇಂಥ ರಚನೆಗೆ ಅರೆಸ್ಫಟಿಕ ಎಂದು ಹೆಸರಾಯಿತು. ಪ್ರಕಟವಾಗಲು 1984 ಬಂತು. ಹೆಸರಾಂತ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಕೊನೆಯವರೆಗೂ ಒಪ್ಪಲಿಲ್ಲ. 1985ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಮಾನಿಯೊ ಚಟ್ಟೋಪಾಧ್ಯಾಯ, ಎಸ್. ರಂಗನಾಥನ್ ಮತ್ತು ಸಂಗಡಿಗರು ಅದೇ ಬಗೆಯ ಮಿಶ್ರಲೋಹದಲ್ಲಿ ದಶಭುಜ ಸಮಮಿತಿಯ ಇನ್ನೊಂದು ಅರೆಸ್ಫಟಿಕ ಗುರುತಿಸಿದರು. ಅಮೆರಿಕದಲ್ಲಿ ಬೆಂಡರ್ಸ್ಕಿ ಅವರೂ ಪ್ರತ್ಯೇಕವಾಗಿ ಅದನ್ನೇ ಕಂಡಿದ್ದರು. ಶೆಕ್ಟ್‌ಮನ್‌ಗೆ 2011ರಲ್ಲಿ ನೊಬೆಲ್ ಬಂದಾಗಲಾದರೂ ಬೆಂಗಳೂರಿನ ಈ ಕೆಲಸ ನಮ್ಮಲ್ಲಿ ಇನ್ನಷ್ಟು ಮನೆಮಾತಾಗಬೇಕಿತ್ತು. ಅಷ್ಟರಲ್ಲಿ, 1987ರಿಂದಲೇ, ನಿಧಾನವಾಗಿ ತಣಿಸಿದರೂ ಉಳಿಯುವ ಅರೆಸ್ಫಟಿಕಗಳು ಅಲ್ಯೂಮಿನಿಯಂ-ತಾಮ್ರ-ಕಬ್ಬಿಣದಲ್ಲಿ ಸಿಕ್ಕಿದ್ದವು. ಅಲ್ಲಿಗೆ ಆ ರಚನೆಗೆ ವೇಗ ಅನಿವಾರ್ಯವಲ್ಲ ಎಂದಾಯಿತು.

ಕಾರ್ಖಾನೆಗಳಲ್ಲಿ ಆದದ್ದೇ ಬೇರೆ. ಗಟ್ಟಿ ಅಲ್ಯೂಮಿನಿಯಂ ಸಾಮಾನ್ಯವಾಗಿ ನೂರಕ್ಕೆ ಸುಮಾರು 0.05ಕ್ಕಿಂತ ಹೆಚ್ಚು ಕಬ್ಬಿಣ ಕರಗಿಸಿಕೊಳ್ಳದು. ದಿಢೀರ್ ತಣಿಸಿದರೆ ಹಲವು ಪಟ್ಟು ಹಿಡಿಯುತ್ತದೆ. ವಿಮಾನದ ಭಾಗಗಳಿಗಾಗಿ ಇಂಥ ಪುಡಿಗಳನ್ನು ಮಾಡಿದರು. ಆದರೆ ಪುಡಿಯನ್ನು ವಸ್ತುವಾಗಿಸಲು ಮತ್ತೆ ಕಾಯಿಸಿ ಒತ್ತಬೇಕು. ವೇಗದಿಂದ ಗಳಿಸಿದ ನವಿರಿನಲ್ಲಿ ಒಂದು ಪಾಲು ಆ ಬಿಸಿಯಲ್ಲೇ ಹೋಗುತ್ತಿತ್ತು, ಖರ್ಚು ಮಾತ್ರ ಏರುತ್ತಿತ್ತು. ಗೆದ್ದದ್ದು ಟ್ರಾನ್ಸ್‌ಫಾರ್ಮರ್ ಕೋರ್‌ಗೆ ಬಳಸುವ ಕಬ್ಬಿಣ-ಬೋರಾನ್-ಸಿಲಿಕಾನ್ ಗಾಜಿನ ರಿಬ್ಬನ್. ಅದನ್ನು ರಿಬ್ಬನ್ನಾಗಿಯೇ ಸುತ್ತಬಹುದು, ಹರಳುಗಟ್ಟುವ ತಾಪಕ್ಕೆ ಒಯ್ಯಬೇಕಿಲ್ಲ.

ಈಗ ಲೇಸರ್ ಮುದ್ರಣದಲ್ಲಿ ಡ್ಯೂವೇ ಕಾಲದ ಹತ್ತಿರಹತ್ತಿರದ ವೇಗಗಳು ಮರಳಿವೆ, ವೇಗದಿಂದ ಗಳಿಸಿದ್ದು ಮತ್ತೆ ಕಾಯಿಸಿದರೆ ಕಳೆದುಹೋಗಬಹುದು ಎಂಬ ಹಳೆಯ ಪಾಠ ಅಷ್ಟಾಗಿ ಮರಳಿಲ್ಲ. ಪ್ರತಿ ಹೊಸ ಪದರ ಕೆಳಗಿನ ಪದರಗಳನ್ನು ಮತ್ತೆ ಕಾಯಿಸುತ್ತದೆ. ಆದರೂ ಎಷ್ಟೋ ವರದಿಗಳಲ್ಲಿ ಎದ್ದು ಕಾಣುವುದು ತಣಿದ ವೇಗದ ಅಂಕಿ ಮಾತ್ರ. ಇನ್‌ಕೊನೆಲ್ 718 ಎಂಬ ನಿಕಲ್ ಮಿಶ್ರಲೋಹ ಮುದ್ರಿಸಿದಾಗ ಅದರಲ್ಲಿನ ನಿಯೋಬಿಯಂ ಸೂಕ್ಷ್ಮ ಸಂದಿಗಳಲ್ಲಿ ಕೂಡಿಕೊಳ್ಳುತ್ತದೆ. ಬಡಿದು ರೂಪಿಸಿದ ಮತ್ತು ಎರಕದ ಲೋಹಕ್ಕೆಂದು ಬರೆದ ಹಳೆಯ ಶಾಖೋಪಚಾರವನ್ನೇ ಅದಕ್ಕೂ ಕೊಟ್ಟರೆ ಅಲ್ಲಿ ಡೆಲ್ಟಾ ಎಂದು ಕರೆಯುವ ಬೇಡದ ಹರಳುಗಳು ಬೇಗ ಮೂಡುತ್ತವೆ. ಮುದ್ರಿಸಿದರೆ ಬಿರುಕು ಬಿಡುತ್ತಿದ್ದ 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ 2017ರಲ್ಲಿ ಅಮೆರಿಕದ ಸಂಶೋಧಕರು ಪರಿಹಾರ ತೋರಿಸಿದಾಗ ತಣಿಯುವ ವೇಗದ ತಂಟೆಗೇ ಹೋಗಲಿಲ್ಲ. ಪುಡಿಗೆ ಜಿರ್ಕೋನಿಯಂನ ನ್ಯಾನೊಕಣ ಅಂಟಿಸಿ ಹರಳು ಹುಟ್ಟುವ ತಾಣಗಳನ್ನು ಹೆಚ್ಚಿಸಿದರು; ಉದ್ದುದ್ದ ಕಂಬಗಳಂತೆ ಬೆಳೆಯುತ್ತಿದ್ದ ಹರಳುಗಳು ಸಣ್ಣ ಸಣ್ಣವಾದವು, ಬಿರುಕು ನಿಂತಿತು.